ವೀಸಾ ಫೋಟೊದಲ್ಲಿ ನಗಬಾರದು

ಇಲ್ಲ, ಆಸ್ಪತ್ರೆಯ ಆ ಬಾಗಿಲ ಬಳಿ ನಾನು ಇರಲಿಲ್ಲವೇನೋ. ಚಿಕ್ಕಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಕೂಡಲೇ ಪದ್ಮಾ ಚಿಕ್ಕಮ್ಮ ಅಲ್ಲಿ ನಿಂತು ನಕ್ಕಳು, ಭುಜ ಕುಲುಕುವಷ್ಟು. ಆ ದಿನ ನೀನು ಮನೆಯಲ್ಲೇ ಇದ್ದೆ ಎನ್ನುತ್ತಾಳೆ ಅಕ್ಕ. ಹಾಗಾದರೆ ನನ್ನ ಕಿವಿಯಲ್ಲಿರುವ ನಗು ಎಲ್ಲಿಯದು?

ಚಿಕ್ಕಮ್ಮನಿಗೆ ನಗು ಬರುತ್ತಿದ್ದದ್ದು ಹೆದರಿದಾಗ ಮಾತ್ರ. ತಮಾಷೆಗೆ ತುಟಿ ಓರೆ ಮಾಡುವಳು, ಅಷ್ಟೆ. “ಭಯ ಬಂದ್ರೆ ಒಳಗಿಂದ ಯಾರೋ ಕಚಗುಳಿ ಇಟ್ಟಂಗಾಗ್ತದೆ ಕಣ್ಣಾ, ನಾನೇನ್ ಮಾಡ್ಲಿ?” ಅನ್ನುವಳು.

ಟೆಲಿಫೋನ್ ಕಚೇರಿಯಿಂದ ನಿವೃತ್ತಳಾದ ಮೇಲೆ ಅವಳಿಗೆ ಒಂದೇ ಆಸೆ: ತಾನು ಯಾರೆಂದು ಯಾರಿಗೂ ಗೊತ್ತಿಲ್ಲದ ಊರನ್ನು ಒಮ್ಮೆ ನೋಡಬೇಕು. ನಾಲ್ಕು ದಿನಕ್ಕೆ ಸಿಂಗಪುರ ಎಂದೆ. ವೀಸಾಕ್ಕೆ ಬಿಳಿ ಹಿನ್ನೆಲೆಯ ಫೋಟೊ ಬೇಕು, ಬಾಯಿ ಮುಚ್ಚಿರಬೇಕು ಎಂದ ಏಜೆಂಟ್. ವೆಸ್ಟ್ ಮಾಂಬಲಂ ಸ್ಟೇಷನ್ ಪಕ್ಕದ ಸ್ಟುಡಿಯೊದಲ್ಲಿ (ಸ್ಟೇಷನ್ ಪಕ್ಕದಲ್ಲೇ ಇತ್ತೇ?) ಕುಳಿತವಳಿಗೆ, ಲೈಟ್ ಹಾಕಿದ್ದೇ ತಡ, ನಗು ಶುರುವಾಯಿತು. “ಸಿರಿಕ್ಕಾದೀಂಗ ಮಾಮಿ,” ನಗಬೇಡಿ ಎಂದು ಫೋಟೊಗ್ರಾಫರ್ ತಮಿಳಿನಲ್ಲಿ ಬೇಡಿಕೊಂಡಷ್ಟೂ ಹೆಚ್ಚಾಯಿತು. ಕೊನೆಗೆ ಹೇಗೋ ಒಂದು ಫೋಟೊ ಸಿಕ್ಕಿತು.

ವೀಸಾ ಬಂತು. ನನ್ನ ದಿಗಿಲು ಇಳಿಯಲಿಲ್ಲ. ವೀಸಾ ಇದ್ದರೂ ದೇಶದೊಳಗೆ ಬಿಡುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಅನುಮಾನ ಬಂದರೆ ಅಲ್ಲಿಂದಲೇ ವಾಪಸ್. ಎದುರಿಗೆ ನಿಂತು ನಗುವ ಹೆಂಗಸನ್ನು ಆತ ಏನೆಂದುಕೊಂಡಾನು? ಹಾಗಾಗಿ ಊಟದ ಮೇಜಿನ ಬಳಿ ನಾನೇ ಅಧಿಕಾರಿಯಾದೆ. ಯಾಕೆ ಬಂದಿದ್ದೀರಿ, ಹಿಂತಿರುಗುವ ಟಿಕೆಟ್ ಎಲ್ಲಿ ಎಂದೆಲ್ಲ ಗದರಿಸಿ ಕೇಳಿದೆ. ಇಲ್ಲಿ ನೆಂಟರಿದ್ದಾರೆಯೇ ಎಂದಾಗ ಅವಳ ತುಟಿ ಓರೆಯಾಯಿತು.

“ನೆಂಟ್ರಿದ್ರೆ ಹೋಟೆಲ್‌ಗೆ ಯಾಕೆ ದುಡ್ಡು ಸುರೀತೀನಿ, ಕೇಳು ಅವನ್ನ.”

ಸಿಂಗಪುರದಲ್ಲಿ ಇಳಿದಾಗ ಅಧಿಕಾರಿಯ ಕೌಂಟರನ್ನು ನಾನು ಮೊದಲು ದಾಟಿದೆ. ತಿರುಗಿ ನೋಡಿದರೆ ಕೌಂಟರಿನ ಮುಂದೆ ಅವಳ ಭುಜ ಕುಲುಕುತ್ತಿತ್ತು. ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಅವಳನ್ನು ನೋಡಿದ, ಇನ್ನೊಬ್ಬರನ್ನು ಕರೆದ. ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಟಿಕೆಟು, ಹೋಟೆಲ್ ಬುಕಿಂಗ್ ಎಲ್ಲ ನನ್ನ ಚೀಲದಲ್ಲಿದ್ದವು. ಹಿಂದಕ್ಕೆ ಹೋಗಲು ಕಾವಲಿನವನು ಬಿಡಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಒಂದು ಗಂಟೆ ಎಂದು ಎಲ್ಲರಿಗೂ ಹೇಳುತ್ತೇನೆ, ಹತ್ತೇ ನಿಮಿಷವೂ ಇರಬಹುದು.

ಬಾಗಿಲು ತೆರೆಯಿತು. ಸೆರಗು ಸರಿಮಾಡಿಕೊಳ್ಳುತ್ತ ಚಿಕ್ಕಮ್ಮ ನೆಟ್ಟಗೆ ನಡೆದು ಬಂದಳು. ಏನು ಕೇಳಿದರು ಎಂದೆ.

“ಬಿಡು. ಹಸಿವಾಗ್ತಿದೆ.”

ಆಮೇಲೆ ಆ ನಾಲ್ಕು ದಿನ ಅವಳು ಒಮ್ಮೆಯೂ ನಗಲಿಲ್ಲ, ಸಮುದ್ರದ ಮೇಲೆ ಕೇಬಲ್ ಕಾರ್ ಗಾಳಿಗೆ ತೂಗಿದಾಗಲೂ. ಕಳೆದ ವರ್ಷ ತೀರಿಕೊಳ್ಳುವವರೆಗೂ ಆ ಕೋಣೆಯ ವಿಷಯ ಎತ್ತಲಿಲ್ಲ. ಅಲ್ಲಿ ಅವಳ ಭಯ ಬಿಟ್ಟುಹೋಯಿತೋ, ನಗುವಿಗೂ ನಿಲುಕದಷ್ಟು ದೊಡ್ಡದಾಯಿತೋ, ನನಗೆ ಗೊತ್ತಿಲ್ಲ.