ಸತ್ಯಮೂರ್ತಿ ಆರಿಸಿದ ಕಂಪ್ಯೂಟರು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಯನ್ನು ನಾವು ನೀವು ಬಾಯಲ್ಲಿ ಹೇಳುತ್ತೇವೆ. ಬೊರಿವಲಿಯ ಸತ್ಯಮೂರ್ತಿಗಳು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಒಂದು ಸ್ಟೀಲ್ ಸ್ಕೇಲು, ಒಂದು ಡಿವೈಡರು, ಒಂದು ಕೆಂಪು ಪೆನ್ಸಿಲು. ಕುಂಬಳಕಾಯಿ ಕೊಳ್ಳಲು ಹೋದರೂ ತಿರುಗಿಸಿ ತಿರುಗಿಸಿ ನೋಡಿ ಮಾರುವವಳಿಂದ ಬೈಸಿಕೊಳ್ಳುತ್ತಿದ್ದರು. ನೆರೆಮನೆಯವರು ಹೊಸ ಬಾಗಿಲು ಕೂರಿಸಿ ಕರೆದರೆ, ಅವರ ಕಾಫಿ ಕುಡಿದು, "ಎಡಗಡೆ ಮೂರು ಮಿಲಿಮೀಟರ್ ವಾಲಿದೆ" ಎಂದು ಹೇಳಿ ಬಂದ ಪುಣ್ಯಾತ್ಮರು. ಆಮೇಲೆ ಅವರು ಕರೆಯಲಿಲ್ಲ. ಹೆಂಡತಿ ಪುಟ್ಟಲಕ್ಷ್ಮಿ ಮಾತ್ರ ಈ ಅಳತೆಗೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. "ದೋಸೆ ರೌಂಡಾಗಿಲ್ಲ ಅಂದ್ರೆ ಆಫೀಸಲ್ಲೇ ಬರ್ಕೊಂಡು ತಿನ್ನಿ" ಎನ್ನುತ್ತಿದ್ದಳು.

ಆಫೀಸು ಅಂದರೆ ಮಲಾಡಿನಲ್ಲಿದ್ದ ಕಾಶಪ್ಪನವರ ಡ್ರಾಯಿಂಗ್ ಆಫೀಸು. ಕಾರ್ಖಾನೆಗಳಿಗೆ ಪಂಪು, ವಾಲ್ವುಗಳ ನಕ್ಷೆ ಬರೆದುಕೊಡುವ ಜಾಗ. ಸತ್ಯಮೂರ್ತಿಗಳು ನಂಜನಗೂಡಿನಿಂದ ಬಂದು ಅಲ್ಲಿ ಹಿರಿಯ ಡ್ರಾಫ್ಟ್ಸ್‌ಮನ್ ಆಗಿದ್ದರು. ಅವರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ತೆಳು ಹಾಳೆ ಹಾಸಿ, ಗೆರೆಗೆ ಗೆರೆ ಶಾಯಿಯಲ್ಲಿ ತೆಗೆಯುವುದು ಶೀಲಾವತಿಯ ಕೆಲಸ. ಉಡುಪಿ ಕಡೆಯ ಹೆಂಗಸು. ಗಂಡ ಸೀನ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವನು. ಹದಿನೈದು ವರ್ಷದಲ್ಲಿ ಅವಳು ಒಂದು ಚುಕ್ಕೆ ಬಿಟ್ಟವಳಲ್ಲ, ಒಂದು ಚುಕ್ಕೆ ಸೇರಿಸಿದವಳೂ ಅಲ್ಲ. ಪ್ರತಿ ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಮನೆಗಳಿರುತ್ತವೆ: ಬರೆದವರು, ಟ್ರೇಸ್ ಮಾಡಿದವರು, ಚೆಕ್ ಮಾಡಿದವರು. ಶೀಲಾವತಿಯ ಹೆಸರು ಅಷ್ಟು ವರ್ಷವೂ ನಡುವಿನ ಮನೆಯಲ್ಲೇ ಇತ್ತು; ಮೇಲಿನದೂ ಕೆಳಗಿನದೂ ಸತ್ಯಮೂರ್ತಿಗಳವು. ತಪ್ಪು ಉಳಿದರೆ ಬೈಗುಳ ಮಾತ್ರ ಮೂರನೆಯ ಮನೆಗೆ. ಅದು ಆ ಕಸುಬಿನ ಕಟ್ಟಳೆ.

ಸಾವಿರದ ಒಂಬೈನೂರ ತೊಂಬತ್ತೊಂದರ ಮಳೆಗಾಲದ ಹೊತ್ತಿಗೆ ಗಿರಾಕಿಗಳು, ನಕ್ಷೆ ಕಂಪ್ಯೂಟರಿನಲ್ಲಿ ಬೇಕು ಎನ್ನತೊಡಗಿದರು. ಕಾಶಪ್ಪ ನಕ್ಷೆಯ ಸಾಫ್ಟ್‌ವೇರ್ ತರಿಸಿದರು, ಪೆನ್ನು ಹಿಡಿದು ತಾನೇ ಬರೆಯುವ ಪ್ಲಾಟರನ್ನೂ ತರಿಸಿದರು. ಸಿದ್ಧ ಕಂಪ್ಯೂಟರು ದುಬಾರಿ; ಬಿಡಿಭಾಗ ಆರಿಸಿ ಕಟ್ಟಿಸುವುದೆಂದಾಯಿತು. ಆರಿಸುವುದಕ್ಕೆ ಸತ್ಯಮೂರ್ತಿಗಳಲ್ಲದೆ ಇನ್ಯಾರು?

"ಮಷೀನ್ ನೀವ ಆರಿಸ್ರಿ, ನೀವ ಅದರ ಮುಂದ ಕುಂದರ್ರಿ" ಎಂದರು ಕಾಶಪ್ಪ. "ಆದ್ರ ಪ್ಲಾಟರ್ ಬಂದ ಮ್ಯಾಲ ಟ್ರೇಸಿಂಗ್ ಟೇಬಲ್ ಯಾಕ ಬೇಕು? ದೀಪಾವಳಿ ಆದ ಮ್ಯಾಲ ಬಂದ್ ಮಾಡೂಣು."

ಸತ್ಯಮೂರ್ತಿಗಳು ಟ್ರೇಸಿಂಗ್ ಟೇಬಲ್ಲಿನ ಕಡೆ ಒಮ್ಮೆ ನೋಡಿದರು. "ಶೀಲಾವತೀಗೂ ಕಲಿಸಬಹುದಲ್ಲ ಸಾರ್" ಎಂದರು.

"ಖುರ್ಚಿ ಒಂದ ಐತಿ. ಮೊದಲ ಮಷೀನ್ ನಡೀಲಿ, ನೋಡೂಣು."

ಆ 'ನೋಡೂಣು' ಅನ್ನುವ ಒಂದು ಪದಕ್ಕೆ ಶೀಲಾವತಿಯ ಅನ್ನ ಜೋತುಬಿದ್ದಿತ್ತು. ಅವಳು ಅತ್ತು ಕರೆದು ಮಾಡಲಿಲ್ಲ. ಸಾಫ್ಟ್‌ವೇರಿನ ದಪ್ಪ ಪುಸ್ತಕವನ್ನು ಲೋಕಲ್ ಟ್ರೇನಿನಲ್ಲಿ ಓದುತ್ತಾ ಹೋಗಿಬಂದು, ಬೇಕಾದ ಭಾಗಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಪಟ್ಟಿ ಮಾಡಿದಳು. ಮದರ್‌ಬೋರ್ಡು, ಮೆಮೊರಿ, ಹಾರ್ಡ್ ಡಿಸ್ಕು. ನಾಲ್ಕನೆಯ ಸಾಲಿನಲ್ಲಿ ಒಂದು ಗಣಿತದ ಚಿಪ್ಪು, ಐದನೆಯದರಲ್ಲಿ ಮಾನಿಟರು. ಅಭ್ಯಾಸಬಲದಿಂದ ಪಟ್ಟಿಯ ಮೂಲೆಯಲ್ಲೂ ಮೂರು ಮನೆ ಹಾಕಿದ್ದಳು.

ಸತ್ಯಮೂರ್ತಿಗಳು ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಹೋಗಿ ಮಾನಿಟರುಗಳನ್ನು ಹಚ್ಚಿಸಿದರು. ಪರದೆಯ ಮೇಲೆ ಒಂದು ವೃತ್ತ ಹಾಕಿಸಿ, ಗಾಜಿಗೇ ಡಿವೈಡರು ಇಟ್ಟು ಅಳೆದರು. ಅಡ್ಡಕ್ಕೆ ನೂರು ಮಿಲಿಮೀಟರ್, ಉದ್ದಕ್ಕೆ ತೊಂಬತ್ತಾರು. ಮೊಟ್ಟೆ. ಎರಡನೆಯದೂ ಮೊಟ್ಟೆ, ಮೂರನೆಯದೂ ಮೊಟ್ಟೆ. ಅಂಗಡಿಯವನು ನಗುತ್ತಾ ಏನೋ ಹೇಳಲು ಬಂದ. ಇವರು ಕೈ ಅಡ್ಡ ಹಿಡಿದರು. ಕೊನೆಗೆ ದೊಡ್ಡದೊಂದು ವಿದೇಶಿ ಮಾನಿಟರಿನಲ್ಲಿ ವೃತ್ತ ವೃತ್ತವಾಗಿಯೇ ಬಂತು. ಬೆಲೆ ಕೇಳಿದರೆ, ಅದನ್ನು ಕೊಂಡರೆ ಪಟ್ಟಿಯಲ್ಲಿ ಇನ್ನೇನನ್ನೋ ಬಿಡಬೇಕು.

ಮರುದಿನ ಆಫೀಸಿನಲ್ಲಿ ಅವರ ಕೆಂಪು ಪೆನ್ಸಿಲು ನಾಲ್ಕನೆಯ ಸಾಲಿನ ಮೇಲೆ ಗೀಟು ಎಳೆಯಿತು.

"ಅದು ಬೇಕು ಸಾರ್" ಎಂದಳು ಶೀಲಾವತಿ. "ಪುಸ್ತಕದಲ್ಲಿ ಉಂಟು."

"ಈ ಚಿಪ್ಪು ಏನು ಮಾಡತ್ತೆ? ಲೆಕ್ಕ. ಲೆಕ್ಕ ನಾನು ಮಾಡಲ್ವೇನಮ್ಮ? ಕಣ್ಣಿಗೆ ಕಾಣದ ವಸ್ತುವಿಗೆ ದುಡ್ಡು ಹಾಕಿ, ಕಾಣೋ ವೃತ್ತ ಮೊಟ್ಟೆಯಾಗಿದ್ರೆ ಏನು ಬಂತು?"

ಕೆಂಪು ಗೀಟು ಬಿದ್ದ ಮೇಲೆ ಟ್ರೇಸರ್ ಎದುರಾಡುವ ಪದ್ಧತಿಯಿಲ್ಲ. ಅವಳು ನಾಲ್ಕನೆಯ ಸಾಲನ್ನೂ ಮೂಲೆಯ ಮನೆಗಳನ್ನೂ ಬಿಟ್ಟು ಅಂಗಡಿಗೆ ಶುದ್ಧ ಪ್ರತಿ ಬರೆದುಕೊಟ್ಟಳು, ಸೈನಾದ ಹಳೆಯ ಹಾಳೆ ಮೂರ್ತಿಗಳ ಡ್ರಾಯರು ಸೇರಿತು. ಗೀಟು ಹಾಕಿದ ಹಾಳೆಯನ್ನು ಅವರು ಎಂದೂ ಎಸೆದವರಲ್ಲ.

ಸೋಮವಾರ ಕಂಪ್ಯೂಟರು ಬಂತು. ಕಾಶಪ್ಪ ತಾವೇ ಕಾಯಿ ಒಡೆದರು. ಸಾಫ್ಟ್‌ವೇರು ಹಾಕಿದರೆ ಆ ಭವ್ಯವಾದ ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು: ಗಣಿತದ ಚಿಪ್ಪು ಇಲ್ಲ, ಕೆಲಸ ನಡೆಯದು. ಹತ್ತು ಸಲ ಹಚ್ಚಿದರೂ ಅದೇ ಸಾಲು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ ನಿಂತಿತ್ತು ಮಾನಿಟರು.

ಕಾಶಪ್ಪ ಶುದ್ಧ ಪ್ರತಿಯನ್ನು ಎತ್ತಿಕೊಂಡು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರು. "ಪುಸ್ತಕದಾಗ ಐತಿ, ಲಿಸ್ಟ್‌ನಾಗ ಇಲ್ಲ. ಲಿಸ್ಟ್ ಬರದಾಕಿ ನೀ ಅಲ್ಲೇನವಾ? ಇಷ್ಟ ನೋಡಿ ಬರೀಲಿಕ್ಕೆ ಬರಂಗಿಲ್ಲಂದ್ರ ಮಷೀನ್ ಹೆಂಗ ನಡಸ್ತಿ?"

ಶೀಲಾವತಿ ಸತ್ಯಮೂರ್ತಿಗಳ ಕಡೆ ನೋಡಲಿಲ್ಲ. ನೋಡಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಅವಳು ತನ್ನ ಬೆರಳಿನ ಶಾಯಿಯ ಕಲೆಯನ್ನು ಉಜ್ಜುತ್ತಾ ನಿಂತಳು.

ಸುಳ್ಳು ಯಾಕೆ ಹೇಳಬೇಕು, ಸತ್ಯಮೂರ್ತಿಗಳಿಗೆ ಮೊದಲು ನೆನಪಾದದ್ದು ತಮ್ಮ ಹೆಸರೇ. ಮೂವತ್ತೊಂದು ವರ್ಷ ಅವರು ಚೆಕ್ ಮಾಡಿದ ನಕ್ಷೆ ಒಂದೂ ವಾಪಸು ಬಂದಿರಲಿಲ್ಲ. ಈಗ ಸುಮ್ಮನಿದ್ದರೆ ಆ ಹೆಸರೂ ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ. ಅಷ್ಟು ಯೋಚನೆ ಬಂದದ್ದಕ್ಕೇ ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು. ಹೋಗಿ ಡ್ರಾಯರು ಎಳೆದು ಹಳೆಯ ಹಾಳೆ ತಂದು ಕಾಶಪ್ಪನವರ ಮುಂದೆ ಹಾಸಿದರು.

"ಅವಳು ಬರೆದಿದ್ಲು ಸಾರ್. ಬೇಕು ಅಂತ ಬಾಯಿಬಿಟ್ಟೂ ಹೇಳಿದ್ಲು. ಹೊಡೆದು ಹಾಕಿದೋನು ನಾನು. ನೋಡಿ, ಚೆಕ್ ಮಾಡಿದವರು ಅನ್ನೋ ಕಡೆ ನನ್ನ ಸೈನಿದೆ."

ಕಾಶಪ್ಪ ಕೆಂಪು ಗೀಟನ್ನೂ ಸೈನನ್ನೂ ನೋಡಿದರು. "ಹಂಗಾದ್ರ ಈ ಮಷೀನಿನ ಪುಸ್ತಕ ಪೂರಾ ಓದಿದವರು ಆಫೀಸಿನಾಗ ಒಬ್ಬರ."

"ಒಬ್ಬರೇ ಸಾರ್. ಕುರ್ಚಿ ಅವರದೇ" ಎಂದರು ಸತ್ಯಮೂರ್ತಿ. ಆ ಕುರ್ಚಿಯ ಮೇಲೆ ಅವರಿಗೂ ಆಸೆಯಿತ್ತು.

ಮಂಗಳವಾರ ಸತ್ಯಮೂರ್ತಿ, ಶೀಲಾವತಿ ಇಬ್ಬರೂ ಮಾನಿಟರು ಹೊತ್ತುಕೊಂಡು ಲ್ಯಾಮಿಂಗ್ಟನ್ ರೋಡಿಗೆ ಹೋದರು. ಅಂಗಡಿಯವನು ತಕರಾರಿಲ್ಲದೆ ಅದನ್ನು ಹಿಂದಕ್ಕೆ ತೆಗೆದುಕೊಂಡು, ಚಿಪ್ಪನ್ನೂ ಸಾಧಾರಣ ಮಾನಿಟರನ್ನೂ ಕೊಟ್ಟ. ಆಮೇಲೆ ಮಾನಿಟರಿನ ಬೆನ್ನಿಗೆ ಕೈಹಾಕಿ ಒಂದು ಸಣ್ಣ ಗುಂಡಿ ತಿರುಗಿಸಿದ. ಮೊಟ್ಟೆ ಮೆಲ್ಲಗೆ ಎದ್ದು ವೃತ್ತವಾಯಿತು. "ಅಂಕಲ್, ಉಸ್ ದಿನ್ ಯಹೀ ಬೋಲ್ ರಹಾ ಥಾ" ಎಂದ. ಆ ದಿನ ಅವನು ಹೇಳಲು ಬಂದದ್ದು ಇದನ್ನೇ. ಸತ್ಯಮೂರ್ತಿಗಳು ಡಿವೈಡರನ್ನು ಜೇಬಿಗಿಳಿಸಿದರು. ಶೀಲಾವತಿ ಸೆರಗು ಬಾಯಿಗಿಟ್ಟುಕೊಂಡು ರಸ್ತೆ ನೋಡಿದಳು.

ಹತ್ತು ದಿನದಲ್ಲಿ ಅವಳು ಮೊದಲ ನಕ್ಷೆ ಮುಗಿಸಿದಳು. ಮಾದರಿಗೆಂದು ಬರೆದ ಪುಟ್ಟ ಪಂಪು. ಮೂಲೆಯ ಮೂರು ಮನೆ ಬಂದಾಗ ಅವಳ ಬೆರಳುಗಳು ತಾವಾಗಿಯೇ ನಡುವಿನ ಮನೆಯಲ್ಲಿ ಹೆಸರು ಹೊಡೆದವು.

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಸತ್ಯಮೂರ್ತಿಗಳು, "ಅಲ್ಲ ಕಣಮ್ಮ, ಮೇಲಿನ ಮನೆ" ಎಂದರು.

ಅವಳಿಗೆ ತಟ್ಟನೆ ತಿಳಿಯಲಿಲ್ಲ. ತಿಳಿದ ಮೇಲೆ ನಡುವಿನದನ್ನು ಅಳಿಸಿ, 'ಬರೆದವರು' ಎಂಬಲ್ಲಿ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದಳು. ಪ್ಲಾಟರಿನಿಂದ ಇಳಿದ ಹಾಳೆಯನ್ನು ಮೂರ್ತಿಗಳು ಒಂದು ಗಂಟೆ ಅಳೆದರು. ಏನೂ ಸಿಗಲಿಲ್ಲ. ಸೈನು ಹಾಕಿದರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಪ್ಲಾಟರಿನ ಪೆನ್ನು ತರಲು ಹೋದ ಸತ್ಯಮೂರ್ತಿಗಳು ಶೀಲಾವತಿಯ ಗಂಡನಿದ್ದ ಗ್ರಾಂಟ್ ರೋಡಿನ ಹೋಟೆಲಿಗೆ ಕಾಫಿಗೆ ಹೊಕ್ಕರು. ಗಲ್ಲಾದ ಗಾಜಿನ ಕೆಳಗೆ, ದೇವರ ಪಟದ ಪಕ್ಕದಲ್ಲಿ, ಆ ಪುಟ್ಟ ಪಂಪಿನ ನಕ್ಷೆ ಇತ್ತು. ಗಿರಾಕಿಯೊಬ್ಬ ಬಗ್ಗಿ ನೋಡುತ್ತಾ, ಪಂಪಿನ ವ್ಯಾಪಾರವೂ ಶುರು ಮಾಡಿದಿರಾ ಎಂದು ಸೀನನನ್ನು ಕೇಳುತ್ತಿದ್ದ.

"ಪಂಪು ಬಿಡಿ ಮಾರಾಯ್ರೆ" ಎಂದ ಸೀನ, ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ. "ಕೆಳಗೆ ಮೂಲೆ ನೋಡಿ. ಮೇಲಿನ ಮನೆಯಲ್ಲಿ ಯಾರ ಹೆಸರು ಉಂಟು ಓದಿ."