ಮೂಸದ ಮಲ್ಲಿಗೆ

ಹೂವಿನಹಡಗಲಿಗೆ ಬಂದ ಮೊದಲ ಬೆಳಿಗ್ಗೆಯೇ ನಾನು ದೇವರ ಪಾಲಿಗೆ ಕೈ ಹಾಕಿಬಿಟ್ಟೆ. ಕೈಯಲ್ಲ, ಮೂಗು. ಬಾಡಿಗೆ ಮನೆಯ ಒಡತಿ ಗೌರಮ್ಮ ಆಗಷ್ಟೇ ಬಿಡಿಸಿ ತಂದ ಮಲ್ಲಿಗೆಯ ಬುಟ್ಟಿ ಕಟ್ಟೆಯ ಮೇಲಿತ್ತು. ಕಂಡದ್ದೇ ತಡ, ಮುಖವಿಟ್ಟು ಎದೆತುಂಬ ಉಸಿರೆಳೆದೆ.

"ಅಯ್ಯಯ್ಯ! ಮೂಸಿಬಿಟ್ಟೆಲ್ಲ ತಂಗಿ! ಇನ್ನ ದೇವ್ರಿಗೆ ಏನು ಏರಿಸ್ಲಿ?"

ಏರಿಸುವುದೆಂದರೆ ಇಲ್ಲಿ ದೇವರಿಗೆ ಮುಡಿಸುವುದು. ಮೂಸಿದ ಹೂ ಅದಕ್ಕೆ ಬಾರದು. ನನ್ನ ಪೆಚ್ಚು ಮೋರೆ ನೋಡಿ ಗೌರಮ್ಮನಿಗೇ ನಗು ಬಂತು. "ಹೋಗ್ಲಿ ಬಿಡು. ಬಾ, ನಿನ್ನ ತಲಿಗೇ ಮುಡಿಸ್ತೀನಿ." ಅವರು ಕಟ್ಟಿದ ದಂಡೆ ನನ್ನ ಗುಂಗುರು ಕೂದಲಲ್ಲಿ ಪಿನ್ನಿಲ್ಲದೆ ನಿಂತಿತು.

ಆಗ ಅಜ್ಜಿ ನೆನಪಾದಳು. ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪ ನನ್ನೂರು. ಅಲ್ಲಿ ಅಜ್ಜಿ ಹೂ ಬಿಡಿಸುವಾಗ ತಟ್ಟೆಯನ್ನು ಮಾರುದೂರ ಚಾಚಿ ಮುಖ ಆಚೆ ತಿರುಗಿಸುತ್ತಿದ್ದಳು. ಅವಳಿಗೆ ವಾಸನೆ ಆಗದು ಎಂದುಕೊಂಡು ನಾವು ನಗುತ್ತಿದ್ದೆವು. ಕಾರಣ ಅವಳಿಗೂ ಗೊತ್ತಿರಲಿಲ್ಲ, ಅವಳಮ್ಮ ಹಾಗೆ ಮಾಡುತ್ತಿದ್ದಳಂತೆ.

ನಾನು ಇತಿಹಾಸಕಾರ್ತಿ. ಬ್ರಿಟಿಷರ ಕಾಲದಲ್ಲಿ ಈ ನಾಡಿನಿಂದ ನಮ್ಮ ದ್ವೀಪದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹಡಗು ಹತ್ತಿದವರ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ. ಅಜ್ಜಿಯ ಅಜ್ಜಿ ಮದರಾಸಿನಲ್ಲಿ ಹತ್ತಿದವಳು, 'ಮಲ್ಲಿಗೆಯ ಊರಿನವಳು'. ನಮ್ಮ ಮನೆಯಲ್ಲಿ ಉಳಿದದ್ದು ಆ ಒಂದೇ ಮಾತು. ಆ ಊರು ಇದೇ ಎಂದು ತಿಳಿಯುವ ಹಂಬಲಕ್ಕೇ ಇಲ್ಲಿ ಮನೆ ಹಿಡಿದೆ.

ಕೂಡ್ಲಿಗಿ, ಗುಡೇಕೋಟೆ, ಕೊಟ್ಟೂರು ಅಂತ ಅವಳ ಸುಳಿವು ಹುಡುಕುತ್ತ ಬಸ್ಸಿನಲ್ಲಿ ಅಲೆದೆ. ನನ್ನ ದ್ವೀಪದಲ್ಲಿ ಯಾವ ದಾರಿ ಹಿಡಿದರೂ ಕೊನೆಗೆ ಸಮುದ್ರ. ಇಲ್ಲಿ ಯಾವ ದಾರಿಯೂ ಮುಗಿಯದು. ಜೋಳದ ರೊಟ್ಟಿ ಬಡಿಯಲು ಕಲಿತೆ. ಭಾನುವಾರ ಅಮ್ಮನ ಫೋನು ಇಟ್ಟ ಮೇಲೆ ಮಾತ್ರ ಅಳು ತಡೆಯಲಾಗುತ್ತಿರಲಿಲ್ಲ.

ವರ್ಷಗಳು ಕಳೆದವು, ಒಂದೂ ಸುಳಿವು ಸಿಗಲಿಲ್ಲ. ಅಜ್ಜಿ ಹೂ ಮೂಸುತ್ತಿರಲಿಲ್ಲ ಅಂದಮೇಲೆ ನಾನು ಈ ಊರವಳೇ ಎಂಬುದು ಗೌರಮ್ಮನ ವಾದ. "ಹೂ ಮೂಸದವರು ದೇಶದ ತುಂಬ ಅದಾರ, ಗೌರಮ್ಮ. ಅದು ಸಾಕ್ಷಿ ಅಲ್ಲ," ಎಂದೆ.

"ಸಾಕ್ಷಿ ಕೋರ್ಟಿಗೆ ಬೇಕು. ಮನಿಗೆ ಯಾಕ ಬೇಕಲೇ, ಹುಚ್ಚಿ?"

ಅಂದು ಮೊದಲ ಸಲ ನನ್ನನ್ನು 'ಲೇ' ಎಂದರು. ಎಷ್ಟು ಖುಷಿಯಾಯಿತೆಂದರೆ ಅವರ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.

ಆದರೂ ಕಸುಬು ಕಸುಬೇ. ಮೊನ್ನೆ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅಜ್ಜಿಯ ಅಜ್ಜಿಯ ಬಗ್ಗೆ 'ಊರು ತಿಳಿದಿಲ್ಲ' ಎಂದು ಬರೆದೆ. ಮರುದಿನ ಬೆಳಿಗ್ಗೆ ಗೌರಮ್ಮ ಮಂಡಿ ಹಿಡಿದುಕೊಂಡು ಕೂತಿದ್ದರು. "ನನ್ನ ಕೈಲಿ ಆಗಂಗಿಲ್ಲ. ದೇವ್ರ ಬುಟ್ಟಿ ಇವತ್ತ ನೀನೇ ತುಂಬು."

ಹಿತ್ತಿಲಿಗೆ ಹೋಗಿ ಬುಟ್ಟಿಯನ್ನು ಮಾರುದೂರ ಚಾಚಿ ಹಿಡಿದೆ. ಮುಖ ತಾನಾಗಿ ಆಚೆ ತಿರುಗಿತು, ಪಡುವಣಕ್ಕೆ, ನನ್ನ ದ್ವೀಪವಿರುವ ಕಡೆಗೆ.