ಬಾವಿ ಇಂಜಿನ್ ಚಾಲೂ ಆಯ್ತೇನ್ರಿ?

ಔರಾದ ಹತ್ತಿರದ ಹಳ್ಳಿಯೊಂದರಲ್ಲಿ ಬೈಕ್ ನಿಧಾನ ಮಾಡಿದ್ದೆ ಅಷ್ಟೇ, ಅಜ್ಜಿಯೊಬ್ಬರು ಖಾಲಿ ಕೊಡ ಹಿಡಿದು ಮನೆಯಿಂದ ಓಡಿ ಬಂದರು. “ಬಾವಿ ಇಂಜಿನ್ ಚಾಲೂ ಆಯ್ತೇನ್ರಿ?”

ನನ್ನದು ಇಟಲಿಯ ಹಳೆಯ ಬೈಕ್. ಡಾಂಬರಿಗೂ ಸೈ, ಹೊಲದ ದಾರಿಗೂ ಸೈ. ಬೀದರಿನಲ್ಲಿ ಇಂಥ ಸದ್ದಿನ ಗಾಡಿ ಇನ್ನೊಂದಿಲ್ಲವೆಂಬ ಜಂಬ ನನಗೆ. ಆ ಡುಗುಡುಗು ಅಜ್ಜಿಗೆ ನೀರೆತ್ತುವ ಡೀಸೆಲ್ ಇಂಜಿನ್ನಿನಂತೆ ಕೇಳಿಸಿತ್ತು. ಬರಕ್ಕೆ ಬಾವಿ ಬತ್ತಿ, ಅರ್ಧ ಊರು ದುಡಿಯಲು ಹೈದರಾಬಾದಿಗೆ ಹೋಗಿತ್ತು. ನಾನು ಬೈಕ್ ಬಂದ್ ಮಾಡಿದೆ, ಸದ್ದೂ ನಿಂತಿತು. ಅಜ್ಜಿ ನಕ್ಕರು: “ಇರ್ಲಿ ಬಿಡು ತಮ್ಮಾ. ಮಳಿ ಆದಮ್ಯಾಲ ಬಾ, ನಮ್ಮ ಇಂಜಿನ್ ಸಪ್ಪಳ ಕೇಳಸ್ತೇನಿ.”

ಮಳೆಯಾದ ಮೇಲೆ ಹೋದೆ. ಬಾವಿಯ ಹತ್ತಿರ ಬೈಕ್ ಬಂದ್ ಮಾಡಿದೆ. ಡುಗುಡುಗು ಮಾತ್ರ ನಿಲ್ಲಲಿಲ್ಲ.